ಗೇಣುದ್ದದ ಹಾಯ್ಜಿ

ಹಿಂದಿನ ಸಂಜೆ ಮೆಂಗ್ ಖಾಯ್ ಬೂಟು ಒದ್ದೆ ಮಾಡಿಕೊಳ್ಳದೆ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಹುಡುಗ ನೆಟ್ಟಗೆ ಊರು ಸೇರುತ್ತಿದ್ದ, ಪರೀಕ್ಷೆ ಬರೆಯುತ್ತಿದ್ದ, ಅಮ್ಮನ ಕೈಯಡುಗೆ ತಿನ್ನುತ್ತಿದ್ದ. ಶಿಪಾನ್ ಪೇಟೆಯ ನಾವೂ ನಮ್ಮ ಪಾಡಿಗೆ ಇರುತ್ತಿದ್ದೆವು. ಆದರೆ ನಮ್ಮ ಬೆಟ್ಟದ ಮಳೆ ಯಾರನ್ನು ಕೇಳಿ ಬರುತ್ತದೆ ಹೇಳಿ?

ಹುಡುಗ ಉತ್ತರದವನು, ಜಿನಾನ್ ಊರಿನವನು. ಸೇತುವೆ ಕಟ್ಟುವ ಓದು ಓದುತ್ತಿದ್ದ. ರಜೆ ಬಂದದ್ದೇ ಬೆನ್ನಿಗೊಂದು ಚೀಲ ಏರಿಸಿ, ಗುಯ್‌ಜೌ, ಯುನ್ನಾನ್ ಅಂತ ದಕ್ಷಿಣದ ಸೀಮೆಗಳನ್ನು ಹತ್ತೊಂಬತ್ತು ದಿನ ಸುತ್ತಿ, ಕಡೆಗೆ ನಮ್ಮಲ್ಲಿಗೆ ಬಂದು ಇಳಿದಿದ್ದ. ಬಸ್ಸಿಗಿಂತ ಲಾರಿ ವಾಸಿ, ಲಾರಿಗಿಂತ ಕಾಲೇ ವಾಸಿ ಅನ್ನುವ ಜಾತಿಯವನು. ಅವನ ಹತ್ತಿರ ಇದ್ದದ್ದು ಎರಡು ಅಂಗಿ, ಒಂದೇ ಜೊತೆ ಬೂಟು, ಮತ್ತೆ ಬೇಕಾದಷ್ಟು ಧೈರ್ಯ. ಇನ್ನೂ ಒಂದಿತ್ತು, ನೀಲಿ ರಟ್ಟಿನ ಪುಸ್ತಕ. ದಾರಿಯಲ್ಲಿ ಕೇಳಿದ ನಮ್ಮ ಕಡೆಯ ಮಾತುಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದ. ಒಟ್ಟು ಇನ್ನೂರ ಹನ್ನೆರಡು.

"ನಿಮ್ಮ ಮಾತು ನನಗೀಗ ನೀರು ಕುಡಿದಷ್ಟು ಸಲೀಸು ಅತ್ತೆ," ಎಂದ ಅವತ್ತು ಬೆಳಿಗ್ಗೆ, ಥಾನ್ ಅತ್ತೆಯ ಅಂಗಡಿಯಲ್ಲಿ ಕೂತು. ಥಾನ್ ಅತ್ತೆ ಅಂದರೆ ನಮ್ಮ ಸೇತುವೆ ಪಕ್ಕ ಅಕ್ಕಿ ಶ್ಯಾವಿಗೆ ಮಾರುವವಳು. ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ಹುಡುಗ ರಾತ್ರಿ ಉಳಿದದ್ದು ಅಲ್ಲೇ.

"ಆಯ್ತಪ್ಪ ಪಂಡಿತ, ಮೊದಲು ತಿನ್ನು. ಹನ್ನೆರಡಕ್ಕೆ ಬಸ್ಸು. ತಪ್ಪಿತೋ, ಇವತ್ತಿಗೆ ಇನ್ನೊಂದಿಲ್ಲ."

"ತಪ್ಪಿಸ್ಕೊಂಡ್ರೆ ಒಂದು ವರ್ಷಾನೇ ಹೋಗುತ್ತೆ ಅತ್ತೆ. ನಾಲ್ಕು ಗಂಟೆ ಟ್ರೇನ್ ಹಿಡಿದ್ರೆ ನಾಡಿದ್ದು ಬೆಳಿಗ್ಗೆ ಪರೀಕ್ಷೆಗೆ ಕೂರಬಹುದು. ಒಂದ್ಸಲ ಫೇಲಾಗಿದ್ದೀನಿ. ಈ ವರ್ಷಕ್ಕೆ ಇದೇ ಕಡೇ ಅವಕಾಶ."

"ಯಾವುದರಲ್ಲಿ ಫೇಲು?"

"ಸೇತುವೆ."

ಥಾನ್ ಅತ್ತೆ ನಮ್ಮ ಸೇತುವೆ ಕಡೆ ಒಮ್ಮೆ, ಹುಡುಗನ ಕಡೆ ಒಮ್ಮೆ ನೋಡಿದಳು. ಒದ್ದೆ ಬೂಟು ಕಳಚಿಸಿ, ಇದ್ದಿಲೊಲೆಯ ಪಕ್ಕ ಒರಗಿಸಿ, ತನ್ನ ಬಾಡಿಗೆ ಕೋಣೆಯ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚಪ್ಪಲಿ ಅವನ ಕಡೆ ತಳ್ಳಿದಳು. ಯಾರೂ ಕದಿಯದಿರಲಿ ಅಂತ ಆ ಚಪ್ಪಲಿಗಳ ಮೇಲೆ ಅವಳು ಅಂಗಡಿಯ ಫೋನ್ ನಂಬರು ಬರೆಸಿದ್ದಳು.

ಸಂತೆಯ ದಿನ. ಸೇತುವೆ ಮೇಲೆ ಕಾಲಿಡಲು ಜಾಗವಿಲ್ಲ. ಹನ್ನೊಂದು ಗಂಟೆ ಇರಬೇಕು, ಮಧ್ಯ ಸೇತುವೆಯಲ್ಲಿ ಛಿನ್ ಅಜ್ಜಿ ಬೆನ್ನಿನ ಬುಟ್ಟಿ ಇಳಿಸಿ ಎದೆ ಬಡಿದುಕೊಂಡು ಕೂಗತೊಡಗಿದಳು.

"ಅಯ್ಯೋ ನನ್ನ ಹಾಯ್ಜಿ! ಹಾಯ್ಜಿ ಹೊಳೆಗೆ ಬಿತ್ತಲ್ರಪ್ಪೋ!"

ಮೆಂಗ್ ಖಾಯ್ ಬಾಯಲ್ಲಿದ್ದ ಶ್ಯಾವಿಗೆ ಬಟ್ಟಲಿಗೆ ಜಾರಿತು. ಹಾಯ್ಜಿ! ಅಂದರೆ ಮಗು! ಅವನಮ್ಮ ಅವನನ್ನು ಇವತ್ತಿಗೂ ಕರೆಯುವುದೇ ಹಾಗೆ. ನಮ್ಮ ಕಡೆ ಹೆಂಗಸರು ಬೆನ್ನಿನ ಬುಟ್ಟಿಯಲ್ಲಿ ಸೊಪ್ಪನ್ನೂ ಹೊರುತ್ತಾರೆ, ಮೊಮ್ಮಕ್ಕಳನ್ನೂ ಹೊರುತ್ತಾರೆ. ಅದನ್ನು ಹುಡುಗ ಹತ್ತೊಂಬತ್ತು ದಿನದಿಂದ ಕಣ್ಣಾರೆ ನೋಡಿದ್ದ. ಚಪ್ಪಲಿಯನ್ನೂ ಬಿಟ್ಟು ಓಡಿದ.

"ಅಜ್ಜೀ! ಎಷ್ಟು ದೊಡ್ಡದು?"

"ಇಷ್ಟೇ ಕಣಪ್ಪ, ಒಂದು ಗೇಣು!"

ಗೇಣುದ್ದ! ಹಸಿ ಕೂಸು! "ಗಂಡೋ ಹೆಣ್ಣೋ?"

"ಹೆಣ್ಣಿಂದೇ! ಮೊಮ್ಮಗಳದು! ಮೂರು ತಿಂಗಳಾಯ್ತು, ರಾತ್ರಿ ಹಗಲು ಇದಕ್ಕೇ ಕಣ್ಣು ಸವೆಸಿದ್ದೀನಿ!"

"ಒಂದೇನಾ ಬಿದ್ದಿದ್ದು?"

"ಒಂದೇ. ಇನ್ನೊಂದು ಇಲ್ಲೇ ಇದೆ, ಬುಟ್ಟೀಲಿ, ಮೂಲಂಗಿ ಕೆಳಗೆ."

ಅವಳಿ ಮಕ್ಕಳು! ಅದರಲ್ಲೂ ಒಂದು ಮೂಲಂಗಿ ಕೆಳಗೆ! ಮೆಂಗ್ ಖಾಯ್‌ಗೆ ತಲೆ ಧಿಮ್ಮೆಂದಿತು. ಸುತ್ತ ನೋಡಿದರೆ ಒಬ್ಬನಾದರೂ ಅಲುಗಬೇಕಲ್ಲ! ಎಲ್ಲರೂ ಕಂಬಿಗೆ ಒರಗಿ ಸೂರ್ಯಕಾಂತಿ ಬೀಜ ಒಡೆಯುತ್ತಾ ನಿಂತಿದ್ದಾರೆ. ಕಸಾಯಿ ಲುವೋ ಮಾವ ಕೈಯಲ್ಲಿ ಮಚ್ಚು ಹಿಡಿದೇ ಬಂದು ಇಣುಕಿದ.

"ಹೋಗ್ಲಿ ಬಿಡಜ್ಜಿ, ಅದಕ್ಯಾಕೆ ಅಷ್ಟು ಗೋಳಾಡ್ತೀಯ. ಒಂದೇ ಇಟ್ಕೊಂಡು ಏನು ಮಾಡ್ತೀಯ? ಇನ್ನೊಂದನ್ನೂ ಎಸೆದುಬಿಡು."

"ಸಂತೇಲಿ ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ," ಎಂದಳು ಪಕ್ಕದ ಸೊಪ್ಪಿನವಳು.

"ನೀವು ಮನುಷ್ಯರೇನ್ರೀ!" ಎಂದು ಕಿರುಚಿ ಮೆಂಗ್ ಖಾಯ್ ಕಂಬಿ ಹತ್ತಿದ. ಸೇತುವೆ ಪರೀಕ್ಷೆಯಲ್ಲಿ ಫೇಲಾದ ಹುಡುಗ ನೋಡನೋಡುತ್ತಿದ್ದಂತೆ ಸೇತುವೆಯಿಂದಲೇ ಹಾರಿದ.

ಈಗ ಇಡೀ ಶಿಪಾನ್ ಪೇಟೆಯೇ ಸೇತುವೆ ಮೇಲೆ. ಥಾನ್ ಅತ್ತೆ ಸೌಟು ಹಿಡಿದೇ ಓಡಿ ಬಂದಳು. ಹೊಳೆ ಅಲ್ಲಿ ಎದೆಮಟ್ಟ ಅಷ್ಟೇ, ಆದರೆ ಮಳೆನೀರು, ಕೆಂಪಗೆ, ಸೆಳೆತ ಬೇರೆ. ಹುಡುಗ ಮುಳುಗಿದ, ಎದ್ದ, ಒಂದು ಬಂಡೆಗೆ ಬಡಿದುಕೊಂಡ, ಮತ್ತೆ ಮುಳುಗಿದ. ಮೂರನೇ ಸಲ ಎದ್ದಾಗ ಅವನ ಕೈಯಲ್ಲಿ ಏನೋ ಕೆಂಪಗೆ ಕಂಡಿತು. ರೇಷ್ಮೆ ದಾರದ ಕಸೂತಿ ಮಾಡಿದ, ಮದುಮಗಳು ತೊಡುವ ಬೂಟು, ಒಂಟಿ.

"ಸಿಕ್ತು! ಸಿಕ್ತು!" ಛಿನ್ ಅಜ್ಜಿ ಕುಣಿದಳು. ಜನ ಚಪ್ಪಾಳೆ ತಟ್ಟಿದರು.

ಹುಡುಗ ಬೂಟನ್ನು ನೋಡಿ ಗೊಳೋ ಎಂದು ಅತ್ತ. "ಬರೀ ಬೂಟು ಸಿಕ್ತು ಅಜ್ಜೀ! ಹಾಯ್ಜಿ ಇನ್ನೂ ಸಿಕ್ಕಿಲ್ಲ!" ಎಂದವನೇ ಮತ್ತೆ ಮುಳುಗಿದ.

ಇವನಿಗೆ ಹುಚ್ಚು ಹಿಡಿಯಿತು ಅಂತಲೇ ನಾವೆಲ್ಲ ಅಂದುಕೊಂಡೆವು. ಲುವೋ ಮಾವ ಇಬ್ಬರನ್ನು ಕರೆದುಕೊಂಡು ಇಳಿದು, ಹುಡುಗನ ಕಾಲರು ಹಿಡಿದು ದಡಕ್ಕೆ ಎಳೆದ. "ಬಿಡ್ರೀ! ಮಗು ಸಾಯುತ್ತೆ!" ಎಂದು ಅವನು ಒದ್ದಾಡುತ್ತಿದ್ದ.

"ಯಾವ ಮಗು?" ಎಂದಳು ಥಾನ್ ಅತ್ತೆ.

"ಅಜ್ಜಿ ಹಾಯ್ಜಿ!"

ಥಾನ್ ಅತ್ತೆ ಕಾಲೆತ್ತಿ ತನ್ನ ಬೂಟನ್ನು ಅವನ ಮೂಗಿನ ಹತ್ತಿರ ತಂದಳು. "ಇದು ಹಾಯ್ಜಿ. ಗೊತ್ತಾಯ್ತಾ ಪಂಡಿತ? ಕಾಲಿಗೆ ಹಾಕ್ಕೊಳ್ಳೋದು. ಮಗು ಅಂದ್ರೆ ವಾವಾ. ನಿಮ್ಮೂರಲ್ಲಿ ಕಾಲಿಗೆ ಮಗು ಹಾಕ್ಕೊಂಡು ಓಡಾಡ್ತೀರಾ?"

ಆಮೇಲಿನ ನಗುವನ್ನು ನಾನು ವರ್ಣಿಸುವುದಿಲ್ಲ. ಲುವೋ ಮಾವ ಮಚ್ಚು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ಛಿನ್ ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗಳ ಮದುವೆ ಮಾರನೇ ದಿನವೇ ಇತ್ತು. ಮೂರು ತಿಂಗಳು ಕೂತು ಹೊಲಿದ ಬೂಟನ್ನು ಎದೆಗೊತ್ತಿಕೊಂಡು, "ನಗಬೇಡ್ರೋ ಮುಠ್ಠಾಳರಾ, ಇವನು ಚಿನ್ನದಂಥ ಹುಡುಗ," ಎಂದು ಅವನ ಒದ್ದೆ ತಲೆ ಸವರಿದಳು. ಹುಡುಗನಿಗೆ ಅಷ್ಟೇ ಸಾಕಾಯಿತು. ಎದೆ ಮತ್ತೆ ಉಬ್ಬಿತು.

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅವನು ಅಂಗಡಿಗೆ ಓಡಿದರೆ ಅಲ್ಲಿ ಕಂಡದ್ದೇನು! ನೋಡಿಕೊಳ್ಳುವವರಿಲ್ಲದೆ ಬಲಗಾಲಿನ ಬೂಟು ಇದ್ದಿಲೊಲೆಗೆ ಉರುಳಿ, ಹೊಗೆಯಾಡುತ್ತಾ ಕರಕಲಾಗಿತ್ತು. ಎಡಗಾಲಿನದನ್ನು ಅತ್ತೆಯ ಕರಿನಾಯಿ ಕಚ್ಚಿಕೊಂಡು ಎತ್ತಲೋ ಓಡಿತ್ತು. ಜೇಬಿನಲ್ಲಿದ್ದ ಫೋನು ಹೊಳೆನೀರು ಕುಡಿದು ಸತ್ತಿತ್ತು. ಲುವೋ ಮಾವ ಬಸ್ಸು ಹೊರಡದಂತೆ ಅಡ್ಡ ನಿಂತು ಡ್ರೈವರನ್ನು ಬೈಯುತ್ತಿದ್ದ. ಥಾನ್ ಅತ್ತೆ ಚೀಲವನ್ನು ಹುಡುಗನ ಬೆನ್ನಿಗೆ ಹಾಕಿ, ಗುಲಾಬಿ ಚಪ್ಪಲಿ ಕಾಲಿಗೆ ತುರುಕಿ, ಅವನನ್ನು ಬಸ್ಸಿನೊಳಕ್ಕೆ ನೂಕಿದಳು.

ಸೀಟು ಸಿಕ್ಕಿದ ಮೇಲೆ ಅವನು ಮಾಡಿದ ಮೊದಲ ಕೆಲಸ ನೀಲಿ ಪುಸ್ತಕ ತೆಗೆದದ್ದು. ಇನ್ನೂರ ಹದಿಮೂರನೇ ಮಾತು: ಹಾಯ್ಜಿ ಅಂದರೆ ಬೂಟು. ಎರಡು ಗೆರೆ ಎಳೆದ. ಮೂರನೇ ಪುಟದಲ್ಲಿ "ವಾವಾ, ಮಗು" ಅಂತ ಅವನೇ ಬರೆದದ್ದು ಆಗ ಕಣ್ಣಿಗೆ ಬಿತ್ತು. ಇರಲಿ, ಇನ್ನು ಈ ಮಾತಿನಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಅಂದುಕೊಂಡ.

ಮೂರು ತಿರುವು ದಾಟಿದ ಮೇಲೆ ನೆನಪಾಯಿತು. ಗುರುತಿನ ಚೀಟಿ! ಅದಿಲ್ಲದೆ ಟ್ರೇನು ಹತ್ತಿಸುವುದಿಲ್ಲ. ಸಂತೆಯಲ್ಲಿ ಜೇಬುಗಳ್ಳರ ಕಾಟ ಅಂತ ಅದನ್ನು ಅವನು ಬೆಳಿಗ್ಗೆ ಎಡಗಾಲಿನ ಬೂಟಿನೊಳಗೆ, ಅಟ್ಟೆಯ ಕೆಳಗೆ ಸೇರಿಸಿದ್ದ.

"ಹಿಂದೆ ತಿರುಗಿಸಲ್ಲಪ್ಪ," ಎಂದ ಡ್ರೈವರು. "ರೈಲ್ವೆ ಸ್ಟೇಷನ್ನಲ್ಲಿ ಪೊಲೀಸರು ಕೂತಿರ್ತಾರೆ. ವಿಷಯ ಹೇಳಿದ್ರೆ ಹತ್ತು ನಿಮಿಷಕ್ಕೆ ಬೇರೆ ಚೀಟಿ ಬರ್ಕೊಡ್ತಾರೆ. ಮಾತಾಡೋಕೆ ಬರುತ್ತಲ್ಲ?"

"ಬರುತ್ತಾ ಅಂತ ಕೇಳ್ತೀರಾ!" ಎಂದ ಮೆಂಗ್ ಖಾಯ್.

ಸ್ಟೇಷನ್ನು ಮುಟ್ಟಿದಾಗ ಎರಡೂ ಮುಕ್ಕಾಲು. ಮೇಜಿನ ಹಿಂದೆ ಕೂತಿದ್ದ ಪೊಲೀಸಮ್ಮನ ಹೆಸರು ಕೋಂಗ್. ಗಂಡನ ಊರು ಅಂತ ವರ್ಗ ಮಾಡಿಸಿಕೊಂಡು ಬಂದು ಬರೀ ಮೂರು ವಾರ ಆಗಿತ್ತು. ಇದು ಹುಡುಗನಿಗೆ ಹೇಗೆ ಗೊತ್ತಾಗಬೇಕು? ಇಲ್ಲಿಯವರ ಜೊತೆ ಇಲ್ಲಿಯ ಮಾತಾಡಿದರೆ ಕೆಲಸ ಬೇಗ ಆಗುತ್ತದೆ ಅಂತ ಅವನು ನಮ್ಮ ಮಾತಿನಲ್ಲೇ ಶುರು ಮಾಡಿದ.

"ಅಕ್ಕಾ, ಗುರುತಿನ ಚೀಟಿ ಹೋಯ್ತು. ಬೇರೆ ಬರ್ಕೊಡಿ."

"ಎಲ್ಲಿಟ್ಟಿದ್ದೆ?"

"ಹಾಯ್ಜಿಯೊಳಗೆ ತುರುಕಿದ್ದೆ."

ಕೋಂಗ್ ಪೆನ್ನು ನಿಲ್ಲಿಸಿದಳು. "ಯಾವ ಹಾಯ್ಜಿ?"

"ನಂದೇ. ಎರಡಿದ್ವು. ನೆಂದುಹೋಗಿದ್ವು ಅಂತ ಒಲೆ ಪಕ್ಕ ಒಣಗೋಕಿಟ್ಟೆ. ಒಂದು ಸುಟ್ಟು ಕರಕಲಾಯ್ತು. ಇನ್ನೊಂದನ್ನ ನಾಯಿ ಕಚ್ಕೊಂಡು ಹೋಯ್ತು." ಪೊಲೀಸಮ್ಮನ ಮುಖ ಬಿಳಿಚಿಕೊಂಡದ್ದು ನೋಡಿ, ನನಗಾಗಿ ಮರುಗುತ್ತಿದ್ದಾಳೆ ಅಂದುಕೊಂಡ. "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಹಳೇವು, ನಾತ ಬೇರೆ ಹೊಡೀತಿದ್ವು. ಊರಿಗೆ ಹೋಗಿ ಹೊಸವು ತಗೊಂಡ್ರಾಯ್ತು."

ಕೋಂಗ್ ಎದ್ದು ಬಾಗಿಲಿಗೆ ಚಿಲಕ ಹಾಕಿದಳು.

ಚಿಲಕದ ಸದ್ದಿಗೆ ಹುಡುಗನಿಗೆ ಬುದ್ಧಿ ಬಂತು. "ಅಯ್ಯಯ್ಯೋ, ಬೂಟು ಮೇಡಂ! ಬೂಟು!" ಎಂದು ಶಾಲೆಯಲ್ಲಿ ಕಲಿತ ಮಾತಿನಲ್ಲಿ ಬಡಬಡಿಸಿದ.

"ಈಗ ಬೂಟಾಯ್ತಾ?"

"ಇಲ್ಲಿಯವರು ಬೂಟಿಗೇ ಹಾಗನ್ನೋದು! ಬೇಕಾದ್ರೆ ಥಾನ್ ಅತ್ತೇನ ಕೇಳಿ, ನಂಬರು ಚಪ್ಪಲಿ ಮೇಲೇ ಇದೆ!"

ಕೋಂಗ್ ಫೋನ್ ಮಾಡಿದಳು. ಆ ಕಡೆಯಿಂದ ಬಟ್ಟಲುಗಳ ಸದ್ದು, ಅದರ ಮೇಲೆ ಥಾನ್ ಅತ್ತೆಯ ಗಂಟಲು.

"ಮೆಂಗ್ ಖಾಯ್ ಅನ್ನೋನ ಹಾಯ್ಜಿ ನಿಮ್ಮ ಹತ್ರ ಇದ್ವೇನ್ರೀ?"

"ಇದ್ವು ತಾಯೀ, ಇದ್ವು! ಪಾಪ, ಹುಡುಗ ನನ್ನನ್ನ ನಂಬಿ ಬಿಟ್ಟುಹೋದ. ನಾನು ಸೇತುವೆ ಮೇಲೆ ತಮಾಷೆ ನೋಡ್ತಾ ನಿಂತುಬಿಟ್ಟೆ. ಬರೋಷ್ಟರಲ್ಲಿ ಒಂದು ಸುಟ್ಟೇಹೋಗಿತ್ತು. ಏನು ವಾಸನೆ ಅಂತೀರಿ, ಗಿರಾಕಿಗಳೆಲ್ಲ ಎದ್ದುಹೋದ್ರು! ಇಕ್ಕಳದಲ್ಲಿ ಎತ್ತಿ ಹೊಳೆಗೆ ಹಾಕ್ದೆ."

"ಇನ್ನೊಂದು?" ಎಂದಳು ಕೋಂಗ್.

"ಅದನ್ನ ನಮ್ಮ ನಾಯಿ ಜಗಿದುಬಿಟ್ಟಿತ್ತು. ಲುವೋ ಕಿತ್ಕೊಂಡ, ಅರ್ಧ ಉಳಿದಿದೆ, ಒಳಗೆ ಹುಡುಗನ ಚೀಟಿ ಸಿಕ್ತು. ಚೀಲಕ್ಕೆ ಹಾಕ್ಕೊಂಡು ಮೋಟಾರ್ ಬೈಕಲ್ಲಿ ಆಗ್ಲೇ ಹೊರಟಿದ್ದಾನೆ. ಬಂದೇಬಿಡ್ತಾನೆ!"

ಪೊಲೀಸಮ್ಮ ಕುರ್ಚಿಗೆ ಕುಸಿದಳು. ಮೇಲಧಿಕಾರಿಗೆ ಫೋನು, ಪಕ್ಕದ ಊರಿನ ಠಾಣೆಗೆ ಫೋನು, ಎರಡು ಹಾಳೆ ಹೇಳಿಕೆ. "ಬೂಟು, ಬೂಟು" ಎಂದು ಹುಡುಗ ಗಂಟಲು ಹರಿದುಕೊಂಡಷ್ಟೂ ಅವಳು, "ಪಾಪಿ, ಸುಮ್ನಿರು," ಎಂದು ಮೇಜು ಕುಟ್ಟಿದಳು. ನಾಲ್ಕು ಗಂಟೆಗೆ ಟ್ರೇನು ಬಂತು. ನಾಲ್ಕೂ ಐದಕ್ಕೆ ಹೋಯಿತು. ಕಿಟಕಿಯ ಸರಳಿನಿಂದ ಮೆಂಗ್ ಖಾಯ್ ಅದರ ಕಡೆಯ ಡಬ್ಬಿಯವರೆಗೂ ನೋಡಿದ. ಅಳು ತಡೆಯಲಾಗಲಿಲ್ಲ.

ನಾಲ್ಕೂ ಹತ್ತಕ್ಕೆ ಲುವೋ ಮಾವ ಬಂದ. ಅವನ ಕೈಚೀಲ ಕಂಡು ಕೋಂಗ್ ಮುಖ ಆ ಕಡೆ ತಿರುಗಿಸಿದಳು. "ತಗೋ ತಮ್ಮಾ, ನಿನ್ನ ಹಾಯ್ಜಿ," ಎಂದು ಅವನು ಮೇಜಿನ ಮೇಲೆ ಸುರಿದ. ಅರ್ಧ ಬೂಟು. ಅಟ್ಟೆಯ ಕೆಳಗೆ ಗುರುತಿನ ಚೀಟಿ. ನಾಯಿಯ ನಾಲ್ಕು ಹಲ್ಲು ಇಳಿದಿತ್ತು, ಒಂದು ಸರಿಯಾಗಿ ಫೋಟೋದ ಮೂಗಿನ ಮೇಲೆ.

ಕೋಂಗ್ ಬೂಟನ್ನು ನೋಡಿದಳು. ಚೀಟಿಯನ್ನು ಓದಿದಳು. ಅವಳ ಮುಖ ಹೊಳೆನೀರಿಗಿಂತ ಕೆಂಪಗಾಯಿತು.

"ನಿಂದು... ಜಿನಾನಾ?"

"ಹ್ಞೂಂ."

"ಅಯ್ಯೋ ನಿನ್ನ! ನಂದೂ ಜಿನಾನೇ ಕಣೋ! ಮೊದಲೇ ನೆಟ್ಟಗೆ ನಮ್ಮೂರ ಮಾತಾಡೋಕೆ ಏನಾಗಿತ್ತು ನಿನಗೆ?"

ಮುಂದಿನ ಟ್ರೇನು ನಾಳೆ ನಾಲ್ಕಕ್ಕೆ. ಅದು ಊರು ಸೇರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ವರ್ಷ ಹೋಯಿತು. ಇದನ್ನು ಅಮ್ಮನಿಗೆ ಹೇಳಬೇಕಲ್ಲ! ಕೋಂಗ್ ಅವನಿಗೆ ಬಿಸಿ ಚಹಾ ಕೊಟ್ಟು, ತಪ್ಪಾಯ್ತು ಎಂದು ಮೂರು ಸಲ ಹೇಳಿ, ತನ್ನ ಫೋನು ಮುಂದಿಟ್ಟಳು. "ಮನೆಗೆ ಮಾತಾಡು. ಇದ್ದದ್ದು ಇದ್ದಹಾಗೆ ಹೇಳಿಬಿಡು, ಬೈಯಲ್ಲ."

"ಹೇಳೋಕೇನು ಭಯ," ಎಂದು ಹುಡುಗ ಮೂಗು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಂಬರು ಒತ್ತಿದ. ಬೆಳಿಗ್ಗೆಯಿಂದ ಒಂದೇ ಮಾತು ತಿರುಗಿ ತಿರುಗಿ ಅವನ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು, ಅವನ ತಪ್ಪೇನಿಲ್ಲ.

"ಅಮ್ಮಾ, ಟ್ರೇನ್ ತಪ್ಪಿತು. ಪರೀಕ್ಷೆ ಹೋಯ್ತು. ಪೊಲೀಸ್ ಸ್ಟೇಷನ್ನಲ್ಲಿ ಕೂತಿದ್ದೀನಿ. ಎಲ್ಲಾ ನನ್ನ ಹಾಯ್ಜಿಯಿಂದ ಆಯ್ತಮ್ಮಾ."

ಕೋಂಗ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಾವಿರ ಮೈಲಿ ಆಚೆಯಿಂದ, ಅಮ್ಮನ ತಣ್ಣನೆಯ ದನಿ ಕೇಳಿತು.

"ಹುಡುಗಿ ಯಾರೋ?"