ಥಾರ್ನ್‌ಬೆಕ್ ಟೌನೂ ನನ್ನ ಅಡುಗೆಮನೆ ಕಿಟಕಿಯೂ

ಮದುವೆಗೆ ಮುಂಚೆ ಹುಡುಗನ ಬಗ್ಗೆ ನಮ್ಮಪ್ಪ ವಿಚಾರಿಸದೆ ಬಿಟ್ಟ ಸಂಗತಿಯೇ ಇಲ್ಲ. ಕುಡಿಯುತ್ತಾನಾ, ಸಿಗರೇಟು ಸೇದುತ್ತಾನಾ, ಜಾತಕದಲ್ಲಿ ಕುಜ ಎಲ್ಲಿ ಕೂತಿದ್ದಾನೆ, ಎಲ್ಲಾ ಕೇಳಿದರು. (ಹುಡುಗ ಬಾಡಿಗೆಗಿದ್ದ ಮನೆಯ ಓನರನ್ನೂ ಹೋಗಿ ಮಾತಾಡಿಸಿಕೊಂಡು ಬಂದಿದ್ದರು.) 'ಹುಡುಗನಿಗೆ ಇಂಗ್ಲೆಂಡಿನ ಆರನೇ ದರ್ಜೆಯ ಫುಟ್‌ಬಾಲ್ ತಂಡದ ಹುಚ್ಚು ಏನಾದರೂ ಇದೆಯಾ?' ಅಂತ ಒಂದೇ ಒಂದು ಮಾತು ಕೇಳಿದ್ದರೆ ನನ್ನ ಜೀವನ ನೆಟ್ಟಗಿರುತ್ತಿತ್ತು. ಕೇಳಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಕೂತವರಿಗೆ ಇಂಥದ್ದೊಂದು ರೋಗ ಇದೆ ಅಂತಲಾದರೂ ಹೇಗೆ ಹೊಳೆಯಬೇಕು, ಹೇಳಿ.

ನನ್ನ ಗಂಡ ಚಂದನ್ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರುಗಳ ಸಾಫ್ಟ್‌ವೇರ್ ಬರೆಯುವ ಇಂಜಿನಿಯರ್. ಮದುವೆಗೆ ಮುಂಚೆ ಕಂಪನಿಯವರು ಅವರನ್ನು ಥಾರ್ನ್‌ಬೆಕ್ ಎಂಬ ಇಂಗ್ಲೆಂಡಿನ ಪುಟ್ಟ ಊರಿಗೆ ಕೆಲವು ತಿಂಗಳು ಕಳಿಸಿದ್ದರಂತೆ. ಒಂದು ಶನಿವಾರ ಹೊತ್ತು ಹೋಗದೆ ಊರಿನ ಮೈದಾನಕ್ಕೆ ಹೋದರಂತೆ. ಮಳೆ ಬಂತಂತೆ. ಊರಿನ ತಂಡ ಹೀನಾಯವಾಗಿ ಸೋತಿತಂತೆ. ಪಕ್ಕದಲ್ಲಿ ನೆನೆಯುತ್ತಿದ್ದ ಯಾರೋ ಮುದುಕರು ತಮ್ಮ ಫ್ಲಾಸ್ಕಿನಿಂದ ಇವರಿಗೂ ಒಂದು ಕಪ್ ಟೀ ಬಗ್ಗಿಸಿಕೊಟ್ಟರಂತೆ. ಅಷ್ಟೇ. ಒಂದು ಕಪ್ ಟೀಗೆ ಮನುಷ್ಯ ಜನ್ಮವಿಡೀ ಮಾರಿಹೋದರು.

ಆರನೇ ದರ್ಜೆ ಅಂದರೆ ನಿಮಗೆ ಅರ್ಥವಾಗಬೇಕಲ್ಲ. ಟೀವಿಯಲ್ಲಿ ಬರುವ, ಕೋಟಿಗಟ್ಟಲೆ ಸಂಬಳದ ಆಟಗಾರರದ್ದು ಒಂದನೇ ದರ್ಜೆ. ಅಲ್ಲಿಂದ ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ, ಇನ್ನು ಇಳಿದರೆ ಚರಂಡಿ ಅನ್ನುವ ಕಡೆ ನಿಂತರೆ ಅಲ್ಲಿ ಥಾರ್ನ್‌ಬೆಕ್ ಟೌನ್ ಸಿಗುತ್ತದೆ. ಅದರ ಗೋಲ್‌ಕೀಪರ್ ಡೇವ್ ವಾರವಿಡೀ ಮನೆಮನೆಗೆ ಹೋಗಿ ಬಾಯ್ಲರ್ ರಿಪೇರಿ ಮಾಡುತ್ತಾನೆ. ಎಡಮಂಡಿ ಸರಿಯಿಲ್ಲ. ನವೆಂಬರಿನಲ್ಲಿ ಕೆಸರಲ್ಲಿ ಜಾರಿ ಬಿದ್ದಾಗಿನಿಂದ ಎಡಗಡೆ ಹಾರುವುದಕ್ಕೆ ಹೆದರುತ್ತಾನೆ, ಪಾಪ. (ನನಗೆ ಇದರಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ. ಮನೆಯಲ್ಲಿ ಇರುವುದರಿಂದ ಕಿವಿಗೆ ಬೀಳುತ್ತದೆ, ಅಷ್ಟೇ.)

ತಂಡದ ಜೆರ್ಸಿಯ ಎದೆಯ ಮೇಲೆ ಆ ಊರಿನ ಹೆಣದ ಪೆಟ್ಟಿಗೆ ಅಂಗಡಿಯವರ ಜಾಹೀರಾತು! ಮದುವೆಯಾದ ಹೊಸದರಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಇವರು ಅದನ್ನು ಹಾಕಿಕೊಂಡು ಮಂಗಳಾರತಿಗೆ ಬಂದು ನಿಂತರು. ಅದರ ಅರ್ಥ ತಿಳಿದಾಗ ನನಗೆ ತಟ್ಟೆ ಕೈಜಾರಿತು. ಲಕ್ಷ್ಮಿ ಆವತ್ತು ನಮ್ಮ ಮನೆಗೆ ಕಾಲಿಟ್ಟಿರಲಾರಳು.

ಆಟ ಶುರುವಾಗುವುದು ಶನಿವಾರ ಸಂಜೆ ನಾಲ್ಕಕ್ಕೆ. ಈ ದೇಶದಲ್ಲೋ ಭಾನುವಾರ ಒಂದು ಅಂಗಡಿಯೂ ತೆರೆದಿರುವುದಿಲ್ಲ. ಬೇಳೆ, ಹಾಲು, ಮಗಳ ಶೂ ಏನೇ ತರಬೇಕಾದರೂ ಶನಿವಾರವೇ ಗತಿ. ಆ ಹೊತ್ತಿಗೆ ನನ್ನ ಪತಿದೇವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೋಫಾದಲ್ಲಿ ಸಮಾಧಿಸ್ಥರು. ಆ ತಂಡಕ್ಕೆ ಟೀವಿ ಎಲ್ಲಿ ಬರಬೇಕು? ಇಬ್ಬರು ಮುದುಕರು ಇಂಟರ್‌ನೆಟ್ ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಒಬ್ಬರಿಗೆ ಕೆಮ್ಮು. ಅವರು ಕೆಮ್ಮಿದರೆಂದರೆ ನಮ್ಮ ಗೋಲಿನ ಮುಂದೆ ಏನೋ ಅನಾಹುತ ಅಂತಲೇ ಲೆಕ್ಕ.

"ರೀ, ಅಪ್ಪನಿಗೆ ಹೇಳ್ಲಾ ನಿಮ್ಮ ಈ ಕಿರುಚಾಟಾನ? ಕೆಳಗಿನ ಮನೆಯವ್ರು ಏನಂದ್ಕೋತಾರೆ?" ಅಂತ ಒಂದು ಶನಿವಾರ ಗದರಿದೆ.

"ನಾನೆಲ್ಲಿ ಕಿರುಚ್ದೆ? ಕೇಳು ಬೇಕಾದ್ರೆ ಕೀರ್ತೀನ."

ನಮ್ಮ ಆರು ವರ್ಷದ ಮಗಳು ಕೀರ್ತಿ ಬಣ್ಣ ಹಚ್ಚುತ್ತಿದ್ದ ಹಾಳೆಯಿಂದ ತಲೆ ಎತ್ತದೆ, "ಮಾಮಾ ಇಸ್ಟ್ ಲೌಟರ್" ಅಂದಳು. ಅಮ್ಮನ ಗಂಟಲೇ ಜೋರು ಅಂತ. ಮಕ್ಕಳನ್ನು ಜರ್ಮನ್ ಶಾಲೆಗೆ ಹಾಕಿದರೆ ಸತ್ಯ ಸುಳ್ಳು ಗೊತ್ತಾಗುವುದಿಲ್ಲ ಅಂದುಕೊಂಡೆ.

ಇರಲಿ, ನನ್ನ ನಿಜವಾದ ದುಃಖ ಬೇರೆ. ನಮ್ಮ ಅಡುಗೆಮನೆಗೆ ಕಿಟಕಿಯಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಸಾಕು, ಸೂರಿನಲ್ಲಿರುವ ಹೊಗೆ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಚಂದನ್ ಕುರ್ಚಿ ಹತ್ತಿ ಟವೆಲ್ಲಿನಿಂದ ಅದಕ್ಕೆ ಚಾಮರ ಬೀಸಬೇಕು. ಸಾರಿಗೆ ಒಗ್ಗರಣೆ ಹಾಕಲು ಹೆದರುವ ಹೆಂಗಸಾಗಿಬಿಟ್ಟೆನಲ್ಲಾ ಅಂತ ಎಷ್ಟೋ ಸಲ ಅತ್ತಿದ್ದೇನೆ. ಒಂದು ವರ್ಷದಿಂದ ಬೇರೆ ಮನೆ ಹುಡುಕುತ್ತಿದ್ದೆವು. ಇಲ್ಲಿ ಹೆಣ್ಣು ಸಿಕ್ಕೀತು, ಗಂಡು ಸಿಕ್ಕೀತು, ಬಾಡಿಗೆ ಮನೆ ಸಿಗುವುದಿಲ್ಲ. ಕೊನೆಗೆ ನನ್ನ ಗೆಳತಿ ಸ್ಮಿತಾ ತನ್ನ ಬೀದಿಯಲ್ಲೇ ಒಂದು ಮನೆ ಖಾಲಿಯಾಗುವ ಸುಳಿವು ಕೊಟ್ಟಳು. ಅಂಗಳದ ಕಡೆಗೆ ದೊಡ್ಡ ಕಿಟಕಿಯಿರುವ ಅಡುಗೆಮನೆ! ಓನರ್ ಹೆರ್ ಐಸೆಲೆ (ಇಲ್ಲಿ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್ ಅನ್ನಬೇಕು) ಫೋನಿನಲ್ಲಿ, "ಶನಿವಾರ ಸಂಜೆ ಐದೂವರೆಗೆ ಬನ್ನಿ. ಗಂಡ ಹೆಂಡತಿ ಇಬ್ಬರೂ ಬರಬೇಕು" ಎಂದರು.

ನಾನು ಕುಣಿದಾಡಿದೆ. ಚಂದನ್ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಯಿತು.

"ಈ ಶನಿವಾರಾನಾ? ಸೀಸನ್ನಿನ ಕೊನೇ ಮ್ಯಾಚ್ ಕಣೆ. ಸೋತ್ರೆ ಏಳನೇ ದರ್ಜೆಗೆ ಹೋಗ್ತೀವಿ. ಡ್ರಾ ಆದ್ರೂ ಸಾಕು, ಉಳ್ಕೋತೀವಿ."

"ಅವ್ರು ಏಳಕ್ಕಾದ್ರೂ ಹೋಗ್ಲಿ, ಎಪ್ಪತ್ತಕ್ಕಾದ್ರೂ ಹೋಗ್ಲಿ! ನನಗೆ ಕಿಟಕಿ ಬೇಕು."

"ಫೋನ್ ಜೇಬಲ್ಲಿ ಇಟ್ಕೊಂಡು ಬರ್ತೀನಿ, ಒಂದೇ ಕಿವಿ..."

"ಮನೆ ಓನರ್ ಮುಂದೆ ನಿಂತು 'ಗೋಲ್' ಅಂತ ಹಾರೋಕಾ? ನಿಮ್ಮನ್ನ ನಂಬೋದುಂಟಾ? ಕೊಡಿ ಇಲ್ಲಿ ಫೋನು."

ಫೋನ್ ಕಿತ್ತುಕೊಂಡೆ. ಆದರೆ ಶನಿವಾರ ಬಸ್ ಸ್ಟಾಪಿನಲ್ಲಿ ಅವರು ನಿಂತಿದ್ದ ಭಂಗಿ ನೋಡಿ ಅಯ್ಯೋ ಪಾಪ ಅನಿಸಿತು. ಇಂಥ ಸೊಪ್ಪು ಮೋರೆಗೆ ಯಾವ ಓನರ್ ಮನೆ ಕೊಡುತ್ತಾನೆ? ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಇಯರ್‌ಫೋನನ್ನು ನಾನೇ ಹಾಕಿಕೊಳ್ಳುವುದು! ನನಗೆ ಉದ್ದ ಕೂದಲಿದೆ, ಕಿವಿ ಕಾಣಿಸುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನನಗೆ ಹುಚ್ಚಿಲ್ಲ. ನಾವು ಗೋಲು ಹೊಡೆದರೆ ನಾನು ಬಳೆ ಸರಿಮಾಡಿಕೊಳ್ಳುತ್ತೇನೆ, ಅವರು ಹೊಡೆದರೆ ಹಣೆಯ ಬೊಟ್ಟು ಒತ್ತಿಕೊಳ್ಳುತ್ತೇನೆ. ಇವರು ನಗುನಗುತ್ತಾ ಮಾತಾಡಿಕೊಂಡಿದ್ದರಾಯಿತು.

"ನಿಂಗೆ ಕಷ್ಟ ಆಗಲ್ವಾ?" ಅಂದರು.

"ನಂಗೇನ್ರೀ ಕಷ್ಟ? ನಂಗೆ ಅದು ಹವಾಮಾನ ವರದಿ ಇದ್ದ ಹಾಗೆ" ಅಂದೆ.

ಕೀರ್ತಿಯನ್ನು ಸ್ಮಿತಾ ಮನೆಯಲ್ಲಿ ಬಿಟ್ಟು ಹೆರ್ ಐಸೆಲೆಯವರ ಗಂಟೆ ಒತ್ತಿದೆವು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಹಾಗಿರುವ ಮನುಷ್ಯ. ಕೆಳಗಿನ ಮನೆಯಲ್ಲೇ ವಾಸ. ಮೆಟ್ಟಿಲ ಹತ್ತಿರ 'ಕೇರ್‌ವೋಖೆ' ಅಂತ ಬರೆದ ಹಲಗೆ ತೋರಿಸಿ, ಇದು ಯಾರ ಮನೆ ಬಾಗಿಲಿಗೆ ನೇತುಬೀಳುತ್ತದೋ ಆ ವಾರ ಅವರು ಮೆಟ್ಟಿಲು, ಅಂಗಳ ಗುಡಿಸಬೇಕು ಎಂದು ವಿವರಿಸಿದರು. ಅಷ್ಟರಲ್ಲಿ ನನ್ನ ಕಿವಿಯಲ್ಲಿ ಮುದುಕರಿಬ್ಬರೂ ಒಟ್ಟಿಗೆ ಕೂಗಿದರು. ನಾನು ಬಳೆ ಸರಿಮಾಡಿಕೊಂಡೆ. ಚಂದನ್ ಮುಖ ದೀಪಾವಳಿಯಾಯಿತು.

"ಗುಡಿಸುವುದೆಂದರೆ ನಮಗೆ ಪ್ರಾಣ!" ಎಂದರು ಜರ್ಮನ್‌ನಲ್ಲಿ. ಹೆರ್ ಐಸೆಲೆಗೆ ಬಹಳ ಸಂತೋಷವಾಯಿತು.

ಬಾತ್‌ರೂಮಿನಲ್ಲಿ ನಿಂತಿದ್ದಾಗ ಕೆಮ್ಮು ಕೇಳಿಸಿತು. ಹೋಯಿತು, ಸಮ ಸಮ. ಬೊಟ್ಟು ಒತ್ತಿಕೊಂಡೆ. ಸ್ವಲ್ಪ ಜೋರಾಗಿಯೇ ಒತ್ತಿಕೊಂಡೆನೇನೋ, "ಫ್ರಾವ್‌ಗೆ ತಲೆನೋವೇ?" ಎಂದು ಓನರ್ ಕೇಳಿದರು. ನನ್ನ ಗಂಡ ಒಂದಿಷ್ಟೂ ತಡವರಿಸದೆ, "ಇಲ್ಲ, ಟೈಲ್ಸ್ ನೋಡಿ ಭಾವುಕಳಾಗಿದ್ದಾಳೆ" ಎಂದುಬಿಟ್ಟರು. ಎಂಥ ಸಂಯಮ! ಇವರನ್ನು ನಂಬದೆ ಇದ್ದೆನಲ್ಲಾ ಅಂತ ನನಗೇ ನಾಚಿಕೆಯಾಯಿತು.

ಆಮೇಲೆ ಅಡುಗೆಮನೆ. ಅಯ್ಯೋ, ಆ ಕಿಟಕಿ! ಎರಡು ರೆಕ್ಕೆಯ, ಇಡೀ ಗೋಡೆಯಗಲದ ಕಿಟಕಿ. ಹೆರ್ ಐಸೆಲೆ ಅದನ್ನು ಪೂರ್ತಿ ತೆರೆದರು. ಕೆಳಗೆ ಅಂಗಳ, ಎದುರು ಬಾಲ್ಕನಿಯಲ್ಲಿ ಹೂವಿಗೆ ನೀರು ಹಾಕುತ್ತಿದ್ದ ಅಜ್ಜಿ. ಎಷ್ಟು ಬೇಕಾದರೂ ಒಗ್ಗರಣೆ ಹಾಕಬಹುದು, ಇಡೀ ಸಿಂಡೆಲ್‌ಫಿಂಗೆನ್ ಸೀನಬಹುದು! ನನ್ನ ಕಣ್ಣು ತುಂಬಿ ಬಂತು.

"ಒಂದೇ ಒಂದು ವಿಷಯ," ಎಂದರು ಓನರ್ ಗಂಭೀರವಾಗಿ. "ಹಿಂದಿನ ಬಾಡಿಗೆಯವನು ಕಹಳೆ ಊದುತ್ತಿದ್ದ. ನನಗೆ ಶಾಂತಿ ಮುಖ್ಯ. ನೀವು ಶಾಂತ ಜನರೇ?"

ಅದೇ ಹೊತ್ತಿಗೆ ನನ್ನ ಕಿವಿಯಲ್ಲಿ ಕೆಮ್ಮು. ಒಂದಲ್ಲ, ಕೆಮ್ಮಿನ ಮಳೆ! ಕೊನೆಯ ನಿಮಿಷ, ಎದುರಾಳಿಗೆ ಪೆನಾಲ್ಟಿ. ಇದು ಒಳಗೆ ಹೋದರೆ ಏಳನೇ ದರ್ಜೆ.

"ತುಂಬಾ ಶಾಂತ ಜನ," ಎನ್ನುತ್ತಿದ್ದರು ಚಂದನ್. "ನಾವು ಇದ್ದೀವಿ ಅಂತ ಈಗಿನ ಮನೆಯ ಕೆಳಗಿನವರಿಗೇ ಗೊತ್ತಿಲ್ಲ."

ಎಡಗಡೆ ಹೊಡೆಯಬೇಡವೋ ಮಹಾರಾಯ, ಎಡಗಡೆ ಮಾತ್ರ ಬೇಡ ಅಂತ ನಾನು ಕಿಟಕಿಯ ಚೌಕಟ್ಟು ಹಿಡಿದು ನಿಂತೆ. ಅವನು ಎಡಗಡೆಯೇ ಹೊಡೆದ.

ಆಮೇಲೆ ಆದದ್ದನ್ನು ನನ್ನ ಗಂಡ ಹೇಳಿದ ಪ್ರಕಾರ ಬರೆಯುತ್ತಿದ್ದೇನೆ, ನನಗೆ ಜ್ಞಾನವಿರಲಿಲ್ಲ.

"ಹಿಡಿದ್ಬಿಟ್ಟ! ರೀ! ಹಿಡಿದ್ಬಿಟ್ಟ ಕಣ್ರೀ! ನಮ್ಮ ಡೇವ್! ಆ ಮಂಡಿ ಇಟ್ಕೊಂಡು ಎಡಗಡೆ ಹಾರಿ ಹಿಡಿದ್ಬಿಟ್ಟ!"

ಹಾಗಂತ ಕಿರುಚಿ ಹೆರ್ ಐಸೆಲೆಯವರ ಎರಡೂ ಕೈ ಹಿಡಿದು ಬುಗುರಿ ಆಡಿಸಿದ ಹಾಗೆ ಆಡಿಸಿಬಿಟ್ಟೆನಂತೆ. ಕಿಟಕಿ ಪೂರ್ತಿ ತೆರೆದಿತ್ತಲ್ಲ, ಎದುರು ಬಾಲ್ಕನಿಯ ಅಜ್ಜಿಯ ನೀರಿನ ಕ್ಯಾನು ಕೆಳಗೆ ಬಿತ್ತು. ಎಲ್ಲೋ ಒಂದು ನಾಯಿ ಬೊಗಳಲು ಶುರುಮಾಡಿತು. ಚಂದನ್ ಮಾತ್ರ ಕಂಬದ ಹಾಗೆ ನಿಂತು, ತುಟಿ ಕೂಡ ಅಲುಗದಂತೆ, "ಉಳ್ಕೊಂಡ್ವಾ?" ಎಂದರು.

"ಉಳ್ಕೊಂಡ್ವಿ!" ಅಂದೆ ನಾನು.

ಆ 'ಉಳ್ಕೊಂಡ್ವಿ' ಬಾಯಿಂದ ಬಿದ್ದ ಮೇಲೆ ನನಗೆ ಸಿಡಿಲು ಬಡಿದ ಹಾಗಾಯಿತು. ನಾವು? ಯಾವ ನಾವು? ಯಾವಾಗಿನಿಂದ ನಾವು? ಹೆರ್ ಐಸೆಲೆ ತಮ್ಮ ಕೈಗಳನ್ನು ಮೆಲ್ಲನೆ ಬಿಡಿಸಿಕೊಂಡು, ಕನ್ನಡಕ ಸರಿಮಾಡಿ, "ಮನೆಯಲ್ಲಿ ಯಾರಾದರೂ ತೀರಿಕೊಂಡರೇ?" ಎಂದು ಕೇಳಿದರು. ಚಂದನ್ ಶಾಂತವಾಗಿ ವಿಷಯ ವಿವರಿಸಿದರು. ಅವರು ನನ್ನನ್ನೊಮ್ಮೆ, ಚಂದನ್‌ನನ್ನೊಮ್ಮೆ ನೋಡಿ, ಕಿಟಕಿ ಮುಚ್ಚಿದರು.

ಕೀರ್ತಿಯನ್ನು ಕರೆದುಕೊಂಡು ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. "ನನ್ನ ಕಿಟಕಿ ನಾನೇ ಕಳ್ಕೊಂಡೆ, ರೀ." ಇವರಿಗೆ ಒಂದು ಚೂರು ಕೋಪವಿಲ್ಲ. ನನ್ನನ್ನು ದೇವಸ್ಥಾನದ ಮೂರ್ತಿ ನೋಡುವ ಹಾಗೆ ನೋಡುತ್ತಾ, "ಡೇವ್‌ಗೆ ಎಡಮಂಡಿ ನೋವು ಅಂತ ನಿಂಗೆ ನೆನಪಿತ್ತಾ?" ಅಂತ ಕೇಳುತ್ತಿದ್ದರು. ಪಕ್ಕದಲ್ಲಿ ಕೂತ ಕೀರ್ತಿ, "ಹಾಬ್ ಇಶ್ ದೊಖ್ ಗೆಸಾಗ್ಟ್" ಅಂದಳು. ನಾನು ಆಗಲೇ ಹೇಳಲಿಲ್ವಾ, ಅಂತ.

ಸೋಮವಾರ ಹೆರ್ ಐಸೆಲೆ ಚಂದನ್‌ಗೆ ಫೋನ್ ಮಾಡಿದರು. ಮನೆ ನಮಗೇ ಅಂತೆ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಬಂದವರೆಲ್ಲ 'ನಾವು ಶಾಂತ ಜನ' ಎಂದರು. ಯಾರನ್ನೂ ನಾನು ನಂಬಲಿಲ್ಲ," ಎಂದರಂತೆ. "ಪಕ್ಕದಲ್ಲಿ ಹೆಂಡತಿ ಅಷ್ಟು ಕಿರುಚಿದರೂ ಹುಬ್ಬು ಅಲುಗಿಸದ ಮನುಷ್ಯನನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಅಂಥವರು ನನ್ನ ಮನೆಯಲ್ಲಿರಬೇಕು. ಆದರೆ ಒಂದು ಷರತ್ತು. ಆಟ ನಡೆಯುವ ಹೊತ್ತಿನಲ್ಲಿ ಫ್ರಾವ್ ಮನೆಯೊಳಗೆ ಇರಕೂಡದು."

ನನ್ನ ಪತಿದೇವರು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಿದ್ದರು.

ಈಗ ಆಗಸ್ಟ್. ಹೊಸ ಸೀಸನ್ ಶುರುವಾಗಿದೆ. ಶನಿವಾರ ಸಂಜೆ ನಾಲ್ಕಾಗುತ್ತಲೇ ನಾನು ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತೇನೆ. ಇಯರ್‌ಫೋನ್ ನನಗೆ ನಿಷಿದ್ಧ. ನಾನು ಹಂಬಲಿಸಿದ ಕಿಟಕಿಯಲ್ಲಿ ಚಂದನ್ ಹೆಣದ ಪೆಟ್ಟಿಗೆಯ ಜೆರ್ಸಿ ತೊಟ್ಟು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ತಣ್ಣಗೆ ಈರುಳ್ಳಿ ಹೆಚ್ಚುತ್ತಾ ನಿಂತಿರುತ್ತಾರೆ. ನಾವು ಗೋಲು ಹೊಡೆದರೆ ಮಣಿಕಟ್ಟು ಮುಟ್ಟಿಕೊಳ್ಳುತ್ತಾರೆ. ಎದುರಾಳಿ ಹೊಡೆದರೆ ಬೋಳು ಹಣೆಗೆ ಬೆರಳು ಒತ್ತಿಕೊಳ್ಳುತ್ತಾರೆ. ಮೊನ್ನೆ ಒಂದೇ ಸಮನೆ ಮೂರು ಸಲ ಒತ್ತಿಕೊಂಡರು. ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಕೆಳಗಿನ ಮನೆಯಿಂದ ಹೆರ್ ಐಸೆಲೆ ತಲೆ ಹೊರಗೆ ಹಾಕಿ, ಮೇಲೆ ನೋಡಿ, "ಡೇವ್ ಇವತ್ತು ಇಲ್ಲವೇ?" ಎಂದರು.

ಮಾತು ಬೆಳೆಸಲು ನನಗೆ ಪುರುಸೊತ್ತಿರಲಿಲ್ಲ. ಆ ವಾರ ಕೇರ್‌ವೋಖೆ ಹಲಗೆ ನಮ್ಮ ಬಾಗಿಲಿಗೆ ಬಿದ್ದಿತ್ತು. "ಹೇಗಿದ್ರೂ ಹೊರಗೇ ಇರ್ತೀಯಲ್ಲ" ಅಂತ ಇಳಿಯುವಾಗಲೇ ನನ್ನ ಗಂಡ ಕೈಗೆ ಪೊರಕೆ ಕೊಟ್ಟು ಕಳಿಸಿದ್ದರು.