ಗುಂಗುರನ ಕೂದಲು

ಅಕ್ಕ ನಾಯಿಯ ಹಗ್ಗವನ್ನು ತಮ್ಮನ ಕೈಗೆ ಕೊಡುವಾಗ ಹೇಳಿದ್ದು ಇಷ್ಟೇ: "ನಾಳೆ ಶಾಂಪೂ ಜಾಹೀರಾತಿಗೆ ಇವನ ಫೋಟೋ ತೆಗೀತಾರೆ. ಸಂಜೆ ನಾನು ಬರೋವರೆಗೂ ಇವನ ಕೂದಲಿನ ತಂಟೆಗೆ ಹೋಗಬೇಡ."

ತಮ್ಮನದು ಗಡಿಯಾರ ರಿಪೇರಿ ಕೆಲಸ. ಬೀದಿಯವರೆಲ್ಲ ಅವನನ್ನು ಟಿಕ್‌ಟಿಕ್ ಅಂತಲೇ ಕರೆಯುತ್ತಿದ್ದರು. ಸಾಸಿವೆ ಗಾತ್ರದ ತಿರುಪುಗಳ ಜೊತೆ ಬಾಳುವ ಮನುಷ್ಯನಿಗೆ ಕರುವಿನ ಗಾತ್ರದ ನಾಯಿಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಆದರೂ ಕಣ್ಣು ಮಾತ್ರ ಅದರ ಮೇಲೇ ನೆಟ್ಟಿತು. ಹೆಸರು ಗುಂಗುರ; ಪೂಡಲ್ ಮಿಶ್ರತಳಿ; ಜೇನಿನ ಬಣ್ಣ; ನಡೆದರೆ ಮೈಯ ಕೂದಲೆಲ್ಲ ಅಲೆಅಲೆಯಾಗಿ ತೂಗುತ್ತಿತ್ತು.

ರಜೆಯ ದಿನ. ಟಿಕ್‌ಟಿಕ್ ಕಾಫಿಗಿಟ್ಟ ಹಾಲು ಉಕ್ಕುತ್ತಿದೆಯೆಂದು ಒಳಗೆ ಓಡಿದ. ಅಷ್ಟರಲ್ಲಿ ಗುಂಗುರ ಎದುರುಮನೆಯ ಹೂವಿನ ಮಡಿಗೆ ನುಗ್ಗಿ, ಆಗಷ್ಟೇ ನೀರುಂಡ ಕೆಸರಿನಲ್ಲಿ ನಾಲ್ಕು ಕಾಲೂ ಮೇಲೆತ್ತಿ ಹೊರಳಾಡಿ ಬಂದ.

ಎದುರುಮನೆಯಾತ ಬಸ್ ಡ್ರೈವರ್ ಆಗಿದ್ದವನು, ಈಗ ನಿವೃತ್ತ. ಗಿಡ ಹಾಳಾಯಿತೆಂದು ಜಗಳಕ್ಕೆ ಬಂದವನು ನಾಯಿಯನ್ನು ಕಂಡು ಸಲಹೆಗೆ ಇಳಿದ.

"ಎರಡು ಬಕೆಟ್ ನೀರು ಹೊಯ್ದು ಟವೆಲಲ್ಲಿ ಗಸಗಸ ಉಜ್ಜು ಮಾರಾಯ. ಎಂತೆಂಥ ಬಸ್ಸುಗಳನ್ನೇ ತೊಳೆಸಿದೀನಿ, ನಾಯಿ ಯಾವ ಲೆಕ್ಕ?"

ಟಿಕ್‌ಟಿಕ್ ಉಜ್ಜಿದ. ಉದ್ದುದ್ದ ಉಜ್ಜಿದ, ಸುತ್ತಿ ಸುತ್ತಿ ಉಜ್ಜಿದ. ಬಿಸಿಲಿಗೆ ಕೂದಲು ಒಣಗುತ್ತ ಬಂದಂತೆ ಅಲೆಗಳೆಲ್ಲ ಮಾಯವಾಗಿ, ಗುಂಗುರನ ಮೈಮೇಲೆ ಯಾರೋ ಹಳೆಯ ಕಾಲೊರಸು ಹೊದಿಸಿ ಹೊಲಿದ ಹಾಗಾಯಿತು. ಬೆರಳು ತೂರಿಸಲು ನೋಡಿದರೆ ಉಗುರೂ ಒಳಗೆ ಹೋಗಲಿಲ್ಲ.

"ಎಣ್ಣೆ ಹಚ್ಚು, ಸಡಿಲ ಆಗತ್ತೆ," ಎಂದ ಡ್ರೈವರ್. ಹಚ್ಚಿದ್ದಾಯಿತು. ಈಗ ಅದು ಎಣ್ಣೆ ಕುಡಿದ ಕಾಲೊರಸು.

ಮಹಡಿಯ ಮೇಲಿನ ಅಜ್ಜಿ ಸದಾ ಸ್ವೆಟರ್ ಹೆಣೆಯುವವರು. ಗಲಾಟೆ ಕೇಳಿ ಕತ್ತರಿ ಹಿಡಿದೇ ಕೆಳಗೆ ಬಂದರು. "ಉಣ್ಣೆ ಕುಗ್ಗಿಹೋಗಿದೆ ಕಣಪ್ಪ. ಕತ್ತರಿಸಿ ಬಿಸಾಕದೆ ಬೇರೆ ದಾರಿ ಇಲ್ಲ. ಹಿಡ್ಕೋ ಅದರ ಕಿವಿನ."

ಟಿಕ್‌ಟಿಕ್ ಕಿವಿಯ ಬದಲು ಇಡೀ ನಾಯಿಯನ್ನೇ ಬಾಚಿ ತಬ್ಬಿ ಎತ್ತಿಕೊಂಡು, ಬೀದಿಯ ಕೊನೆಯಲ್ಲಿದ್ದ ನಾಯಿಗಳ ಸಲೂನಿಗೆ ಓಡಿದ.

ಸಲೂನಿನಾಕೆ ಎತ್ತರದ, ಗಟ್ಟಿ ದನಿಯ ಹೆಂಗಸು. ಕೂದಲನ್ನು ಬೈತಲೆಯಂತೆ ಸೀಳಿ, ಬಗ್ಗಿ ನೋಡಿದಳು.

"ಬಾಚಿ ಎಷ್ಟು ಕಾಲ ಆಯ್ತು?"

"ಅಕ್ಕ ದಿನಾ ಬಾಚ್ತಾಳಲ್ಲ. ಬೆಳಿಗ್ಗೆ ನಾನು ತೊಳೆದಿದ್ದಕ್ಕೇ ಹೀಗಾಯ್ತು."

"ಇವತ್ತಿನ ಗಂಟಲ್ಲ ಇದು. ತಿಂಗಳಿಂದ ಒಳಗೊಳಗೇ ಸೇರಿಕೊಂಡಿದೆ. ನೀವು ನೀರು ಹಾಕಿ ಬಿಗಿ ಮಾಡಿದೀರಿ, ಅಷ್ಟೇ. ಮೊದಲು ಬಾಚಬೇಕು, ಆಮೇಲೆ ನೀರು." ಅವಳು ಗುಂಗುರನ ಗಲ್ಲ ಹಿಡಿದೆತ್ತಿದಳು. "ಈ ತಳಿಯಲ್ಲಿ ಕೆಲವಕ್ಕೆ ನೇರ ಕೂದಲು, ಅವು ಪಾಪದವು, ವಾರಕ್ಕೊಂದೆರಡು ಸಲ ಬಾಚಿದ್ರೂ ಸುಮ್ನಿರ್ತವೆ. ಕೆಲವಕ್ಕೆ ಕುರಿಮರಿ ಥರ ಬಿಗಿ ಸುರುಳಿ, ಅದಕ್ಕೆ ದಿನಾ ಉಪಚಾರ. ಇವನದು ಅಲೆಗೂದಲು. ಮೇಲೆ ರೇಷ್ಮೆ, ಬುಡದಲ್ಲಿ ಕಂಬಳಿ. ಉದುರಿದ್ದೂ ಆಚೆ ಬೀಳಲ್ಲ, ಅಲ್ಲೇ ಸಿಕ್ಕಿಕೊಂಡು ಗಂಟಾಗತ್ತೆ. ಬೋಳಿಸಿಬಿಡೋದು ಒಳ್ಳೇದು."

"ನಾಳೆ ಫೋಟೋ ಇದೆಯಮ್ಮ. ಬೋಳಿಸಿದ್ರೆ ಅಕ್ಕ ನನ್ನ ಮುಖ ನೋಡಲ್ಲ."

ಅವಳು ಅವನ ಬೆರಳುಗಳನ್ನೊಮ್ಮೆ ನೋಡಿದಳು. "ಹಾಗಾದ್ರೆ ಆ ಕಿವಿ ಕಡೆ ನೀವು ಕೂತ್ಕೊಳ್ಳಿ."

ಟಿಕ್‌ಟಿಕ್ ತನ್ನ ಜನ್ಮದಲ್ಲಿ ಅಂಥ ಕೈಗಳನ್ನು ಕಂಡಿರಲಿಲ್ಲ. ಚರ್ಮ ಎಳೆಯದ ಹಾಗೆ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ, ಬೈಯುವುದನ್ನೂ ಮುದ್ದಿಸುವುದನ್ನೂ ಒಂದೇ ಉಸಿರಲ್ಲಿ ಮಾಡುತ್ತಿದ್ದಳು. ಅವನೂ ಕೂದಲಿಗಿಂತ ಸಣ್ಣ ಸ್ಪ್ರಿಂಗುಗಳನ್ನು ಬಿಡಿಸಿ ಪಳಗಿದವನು, ಕೈ ಕೂಡಿಬಂತು. ಗುಂಗುರನಂತೂ ಸಾಕ್ಷಾತ್ ಮಹಾರಾಜ. ಒಂದು ಕಾಲು ಮುಗಿದರೆ ನಿಟ್ಟುಸಿರಿಟ್ಟು ತಾನೇ ಇನ್ನೊಂದನ್ನು ಮುಂದಕ್ಕೆ ಚಾಚುತ್ತಿದ್ದ. ಆಮೇಲೆ ಸ್ನಾನ, ಬಿಸಿಗಾಳಿ, ಮತ್ತೆ ಬಾಚಣಿಗೆ. ಕೊನೆಗೆ ಬಾಚಣಿಗೆ ಕತ್ತಿನಿಂದ ಬಾಲದವರೆಗೆ ಎಲ್ಲೂ ತಡೆಯದೆ ಇಳಿಯಿತು.

"ನಿಮ್ಮ ಕೈ ನನಗೆ ಕೊಟ್ಟುಬಿಡಿ," ಎಂದಳು ಸಲೂನಿನಾಕೆ. ಟಿಕ್‌ಟಿಕ್ ಕಿವಿಯವರೆಗೆ ಕೆಂಪಾದ.

ಗುಂಗುರ ಬೀದಿಯಲ್ಲಿ ನಡೆದು ಬಂದಾಗ ಡ್ರೈವರ್ ಕೈಯ ಪೈಪಿನ ನೀರು ತನ್ನ ಚಪ್ಪಲಿಗೇ ಬೀಳುತ್ತಿದ್ದುದನ್ನು ಮರೆತ. ಅಜ್ಜಿ ಕೈ ಹುದುಗಿಸಿ ನೋಡಿ, "ನಾನು ಹೆಣೆದ ಯಾವ ಸ್ವೆಟರೂ ಇಷ್ಟು ಮೆತ್ತಗಿಲ್ಲ ಕಣಪ್ಪ," ಎಂದರು.

ಸಂಜೆ ಅಕ್ಕ ಬಂದಳು. ಬಾಗಿಲಲ್ಲೇ ನಿಂತಳು. ಆಮೇಲೆ ಮೆಲ್ಲನೆ ಕುರ್ಚಿಯಲ್ಲಿ ಕುಸಿದಳು.

"ಏನೋ ಮಾಡಿದೀಯ ಇದು?"

ಟಿಕ್‌ಟಿಕ್ ದೊಡ್ಡ ಮನಸ್ಸು ಮಾಡಿ ದನಿ ತಗ್ಗಿಸಿದ. "ನೀನು ಬಾಚದೆ ಬಿಟ್ಟಿದ್ದನ್ನ ನಾನು ಯಾರಿಗೂ ಹೇಳಲ್ಲಕ್ಕ."

"ಬಿಟ್ಟಿದ್ದಲ್ಲ ಕಣೋ, ಬೇಕಂತಲೇ ಗಂಟು ಬೆಳೆಸಿದ್ದು. ಜಾಹೀರಾತಲ್ಲಿ ಎರಡು ಫೋಟೋ ಇರತ್ತೆ. ಶಾಂಪೂ ಹಾಕಿದ ಮೇಲಿನದಕ್ಕೆ ಇವನ ತಮ್ಮನೇ ಇದಾನೆ, ಥೇಟ್ ಇವನ ಹಾಗೇ. ಇವನು ಶಾಂಪೂ ಹಾಕೋ ಮುಂಚಿನವನು."

 ಟಿಕ್‌ಟಿಕ್ ಬೆಳಗಿನ ಕೆಸರು, ಟವೆಲ್, ಎಣ್ಣೆ ಎಲ್ಲವನ್ನೂ ಒಂದೊಂದಾಗಿ ಹೇಳಿದ.

ಅಕ್ಕ ಹಣೆ ಹಿಡಿದುಕೊಂಡಳು. "ಅಷ್ಟಕ್ಕೇ ನಿಲ್ಲಿಸಿದ್ರೆ ನಿನಗೆ ಸನ್ಮಾನ ಮಾಡಿಸ್ತಿದ್ದೆ."

ಅವಳು ಜಗಲಿಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಗೋಗರೆದು ಬಂದಳು. "ಒಂದು ತಿಂಗಳು ಕಾಯ್ತಾರಂತೆ. ನಮ್ಮನೇಲಿ ಮಕ್ಕಳು ಬಾಚದ ಹಾಗೆ ಇಷ್ಟು ದಿನ ಆ ಗಂಟು ಕಾಪಾಡಿದ್ದೇ ಹೆಚ್ಚು. ಈ ಸಲ ಇವನು ನಿನ್ನ ಹತ್ರಾನೇ ಇರ್ಲಿ. ನೀನೇ ಕೆಡಿಸಿದ್ದು, ನೀನೇ ಸರಿ ಮಾಡು. ಬಾಚಣಿಗೆ ಮುಟ್ಟಿದ್ದು ಗೊತ್ತಾದ್ರೆ ನೋಡು."

ಅಕ್ಕ ಹೋದ ಮೇಲೆ ಗುಂಗುರ ಬಂದು ಅವನ ಮಂಡಿಯ ಮೇಲೆ ಗಲ್ಲವಿಟ್ಟ. ದೀಪದ ಬೆಳಕಿಗೆ ಕತ್ತಿನ ಅಲೆಗಳು ಹೊನ್ನಾಗಿ ಹೊಳೆದವು. ಕಿವಿಯ ಹಿಂದೆ ಒಂದು ಎಳೆ ಆಗಲೇ ಇನ್ನೊಂದನ್ನು ಸುತ್ತಿಕೊಳ್ಳುತ್ತಿತ್ತು. ಟಿಕ್‌ಟಿಕ್ ಅದನ್ನೇ ನೋಡಿದ, ಗೋಡೆ ನೋಡಿದ, ಮತ್ತೆ ಅದನ್ನೇ ನೋಡಿದ. ಕೊನೆಗೆ ಎರಡು ಕೈಗಳನ್ನೂ ತೊಡೆಯಡಿಗೆ ಒತ್ತಿಟ್ಟುಕೊಂಡು ಕೂತ.