ನಾನು ಬಿಚ್ಚಿದ ಕಂಡೆನ್ಸರುಗಳು

ಎಂಬತ್ತರ ಆಸುಪಾಸಿನಲ್ಲಿ ಕಡೂರಿನಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಕರೆಂಟ್ ಹದ ಮಾಡೋ ಪುಟ್ಟ ಡಬ್ಬಿಯಂಥ ಕಂಡೆನ್ಸರ್ ಕೆಟ್ಟಿದ್ದರೆ ಬೆಸುಗೆ ಕರಗಿಸಿ ಬಿಚ್ಚೋದು, ಹೊಸದು ಕೂರಿಸೋದು, ಇದೇ ಮುಕ್ಕಾಲು ಕೆಲಸ. ರೇಡಿಯೋ ಬೇಗ ಮಾತು ಕೇಳ್ತಿತ್ತು ಕಣ್ರೀ, ತಂದವರು ಕೇಳಬೇಕಲ್ಲ. ವಾರಕ್ಕೊಂದಾದರೂ ಇಂಥದ್ದು ನಡೀತಿತ್ತು.

ಮೇಡಂ

ತರೀಕೆರೆಯ ಶಾಲೆ ಮೇಡಂ ಒಬ್ಬರು ಎದುರಿಗೇ ಕೂತು ರಿಪೇರಿ ನೋಡಿದರು. ನಾನು ಹೆಬ್ಬೆರಳಿನಷ್ಟು ದಪ್ಪದ ಹಳೇ ಕಂಡೆನ್ಸರ್ ತೆಗೆದು, ಕಿರುಬೆರಳಿನಷ್ಟು ಹೊಸದು ಹಾಕಿದೆ.

"ದೊಡ್ಡದು ತೆಗೆದು ಚಿಕ್ಕದು ಹಾಕ್ತೀರಲ್ಲ, ಇದು ನ್ಯಾಯವಾ?"

"ಈಗೆಲ್ಲ ಚಿಕ್ಕದಾಗೇ ಬರ್ತವೆ ಮೇಡಂ. ಕೆಲಸ ಅಷ್ಟೇ ಮಾಡ್ತದೆ."

ಅವರು ಒಳಗೆ ಬಗ್ಗಿ ನೋಡಿ, "ಜಾಗ ಖಾಲಿ ಇದೆಯಲ್ಲ, ಇನ್ನೊಂದು ಹಾಕಿಬಿಡಿ" ಅಂದರು.

ಅವತ್ತಿಂದ ಬಿಚ್ಚಿದ ಸಾಮಾನನ್ನೆಲ್ಲ ಕಾಗದದಲ್ಲಿ ಸುತ್ತಿ ಗಿರಾಕಿ ಕೈಗೇ ಕೊಡೋದು ರೂಢಿ ಮಾಡಿಕೊಂಡೆ.

ಆಚಾರ್ರು

ಅಜ್ಜಂಪುರದ ಅಕ್ಕಸಾಲಿಗರೊಬ್ಬರ ರೇಡಿಯೋ ನೋಡಿ, "ಈ ಕಂಡೆನ್ಸರ್ ಹೋಗಿದೆ, ಹೊಸದು ತರಿಸ್ತೀನಿ, ಮುಂದಿನ ವಾರ ರೇಡಿಯೋ ತಗೊಂಡು ಬನ್ನಿ" ಅಂತ ವಾಪಸ್ ಕಳಿಸಿದ್ದೆ. ಅವರಿಗೆ ತಡೀಲಿಲ್ಲ. ಬೆಸುಗೆ ನಮ್ಮ ಕಸುಬಲ್ಲವೇ ಅಂತ ಮನೇಲೇ ಊದುಗೊಳವೆ ಹಿಡಿದು ರೇಡಿಯೋ ಒಳಗಿನ ಬೋರ್ಡಿನ ಮೇಲೆ ಬೆಂಕಿ ಊದಿದ್ದಾರೆ. ಕಂಡೆನ್ಸರ್ ಜೊತೆಗೆ ಅಕ್ಕಪಕ್ಕದವೂ ಉದುರಿವೆ.

ಬೋರ್ಡನ್ನು ಒಂದು ಪೊಟ್ಟಣದಲ್ಲಿ, ಉದುರಿದ್ದನ್ನು ಇನ್ನೊಂದು ಪೊಟ್ಟಣದಲ್ಲಿ ತಂದರು. ಪಾಪ, ಮುಖ ಬಾಡಿತ್ತು. ಬೈಯೋಕೆ ಮನಸ್ಸು ಬರಲಿಲ್ಲ.

"ಆಚಾರ್ರೇ, ಏನಾದರೂ ಕಳೆದುಹೋಗಿದೆಯಾ?" ಅಂದೆ.

"ಛೆ, ತೂಕ ಮಾಡೇ ತಂದಿದೀನಿ. ಒಂದು ಗುಂಜಿನೂ ಕಮ್ಮಿ ಇಲ್ಲ."

ಗುಂಯ್

ಪಂಚನಹಳ್ಳಿ ಕಡೆಯ ಯಜಮಾನರೊಬ್ಬರ ರೇಡಿಯೋ ಸದಾ ಗುಂಯ್ ಅಂತಿತ್ತು. ಅವರ ಮಗ ತಂದುಕೊಟ್ಟ. ಕಂಡೆನ್ಸರ್ ಬದಲಾಯಿಸಿದೆ, ಸದ್ದು ನಿಂತಿತು. ಇಷ್ಟು ಚೆಂದದ ಕೆಲಸ ಆ ವರ್ಷ ಮಾಡಿರಲಿಲ್ಲ ಅಂತ ನನಗೇ ಜಂಬ.

ನಾಲ್ಕನೇ ದಿನ ಯಜಮಾನರೇ ರೇಡಿಯೋ ಹೊತ್ತು ಬಂದರು.

"ಏನಪ್ಪಾ, ನನ್ನ ರೇಡಿಯೋ ಕೆಡಿಸ್ಬಿಟ್ಟಲ್ಲ."

ಹಾಕಿ ನೋಡಿದೆ, ಸೊಗಸಾಗಿ ಮಾತಾಡ್ತಿದೆ. "ಏನಾಗಿದೆ ಇದಕ್ಕೆ?"

"ಗುಂಯ್ ಅನ್ನಲ್ಲ."

ಆಮೇಲೆ ಬಿಡಿಸಿ ಹೇಳಿದರು. ಪಂಪ್‌ಸೆಟ್ಟಿಗೆ ಕರೆಂಟ್ ಬರೋದು ಮಧ್ಯಾಹ್ನ ಯಾವಾಗಲೋ. ಆ ಹೊತ್ತಿಗೆ ರೇಡಿಯೋ ಸ್ಟೇಷನ್ನೂ ಬಂದ್ ಆಗಿರ್ತದೆ, ಹಾಡೂ ಇಲ್ಲ, ಮಾತೂ ಇಲ್ಲ. ಇವರು ರೇಡಿಯೋ ಹಾಕೇ ಬಿಟ್ಟು ಹಿತ್ತಲಲ್ಲಿ ಕೆಲಸ ಮಾಡ್ತಾರೆ. ಕರೆಂಟ್ ಬಂದರೆ ಗುಂಯ್, ಓಡಿಹೋಗಿ ಮೋಟಾರ್ ಹಾಕೋದು.

"ಹಗಲು ಹೊತ್ತು ಬಲ್ಬ್ ಉರಿದ್ರೆ ಯಾರಿಗೆ ಕಾಣ್ತದೆ? ಮೂರು ದಿನ ಕರೆಂಟ್ ಬಂದು ಬಂದು ಹೋಯ್ತು, ಗೊತ್ತೇ ಆಗ್ಲಿಲ್ಲ. ತೆಂಗಿನ ಸಸಿ ನೂರು ನೆಟ್ಟಿದೀನಿ ಕಣಪ್ಪಾ, ಸುಳಿ ಬಾಡ್ತಾ ಇವೆ." ದನಿ ಸಣ್ಣದಾಯಿತು. ಎಲೆ ಅಡಿಕೆ ಚೀಲ ಬಿಚ್ಚಿ, ನಾನೇ ಸುತ್ತಿಕೊಟ್ಟಿದ್ದ ಹಳೇ ಕಂಡೆನ್ಸರ್ ತೆಗೆದು ಮುಂದಿಟ್ಟರು. "ಇದನ್ನೇ ಹಾಕು."

ಒಳ್ಳೇದನ್ನು ಬಿಚ್ಚಿ ಕೆಟ್ಟದ್ದು ಹಾಕೋಕೆ ಕೈ ಬರಲಿಲ್ಲ. ಆದರೂ ಆ ಸಸಿಗಳನ್ನು ನೆನೆದು ಸಂಕಟವಾಗಿ ಹಾಕಿದೆ. ಸ್ವಿಚ್ ಒತ್ತಿದ್ದೇ ತಡ, ಗುಂಯ್. ಯಜಮಾನರು ದಡಕ್ಕನೆ ಎದ್ದು ಮೋಟಾರ್ ಹಾಕಲು ಬೀದಿವರೆಗೂ ಹೋಗಿಬಿಟ್ಟರು. ಆಮೇಲೆ ನಗುತ್ತಾ ವಾಪಸ್ ಬಂದರು.

ಹದಿನೈದು ದಿನ ಕಳೆದಿರಬೇಕು, ಅದೇ ಊರಿನ ಇಬ್ಬರು ಒಂದೊಂದು ರೇಡಿಯೋ ತಂದಿಟ್ಟರು. ಎರಡನ್ನೂ ಹಾಕಿ ನೋಡಿದೆ, ಒಂದು ಚೂರೂ ತೊಂದರೆ ಇಲ್ಲ.

"ಚೆನ್ನಾಗೇ ಇವೆಯಲ್ರೀ?"

"ಅದಕ್ಕೇ ತಂದಿದ್ದು. ಯಜಮಾನರ ಸಸಿ ಎಲ್ಲಾ ಚಿಗುರ್ಕೊಂಡ್ವು. ನಮಗೂ ಒಂದೊಂದು ಕೆಟ್ಟಿದ್ದು ಹಾಕ್ಕೊಡಿ."